ಇನ್ನು ಮುಂದೆ ನೆರಿಗೆ ಕಾಲರ್‌ಗೆ ಗಂಜಿ ಇಲ್ಲ, ಲಾಡಿ ಇದೆ

ನಮ್ಮ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳಿಂದ ಕೊರಿಯರ್‌ನಲ್ಲಿ ಕಳಿಸುವ ಲೇಸ್ ನೆರಿಗೆ ಕಾಲರ್‌ಗಳಿಗೆ ನಾವು ಗಂಜಿ ಹಾಕುವುದಿಲ್ಲ, ನೆರಿಗೆಯನ್ನೂ ಹೊಲಿದಿರುವುದಿಲ್ಲ. ಲೇಸ್ ಪಟ್ಟಿಗೆ ಲಾಡಿ ಪೋಣಿಸಿ, ಮಡಚಿ, ಕವರಿನಲ್ಲಿ ಕಳಿಸುತ್ತೇವೆ. ಲಾಡಿ ಎಳೆದರೆ ನಿಮ್ಮ ಕತ್ತಿನ ಅಳತೆಗೆ ನೆರಿಗೆ ಕೂಡಿಕೊಳ್ಳುತ್ತದೆ. ಜೊತೆಗೆ ಪ್ರತಿ ಕಾಲರ್‌ಗೆ 60 ರೂಪಾಯಿ ಜಾಸ್ತಿಯಾಗುತ್ತದೆ. ಎರಡನ್ನೂ ಒಂದೇ ಸಲ ಹೇಳಬೇಕಾಗಿ ಬಂದದ್ದಕ್ಕೆ ಬೇಜಾರಿದೆ. ಬಾಕ್ಸ್ ಬಿಚ್ಚಿದ ಕೂಡಲೇ ಬ್ಲೌಸ್ ಮೇಲೆ ಹಾಕಿಕೊಂಡು ಮದುವೆಗೆ ಹೊರಡಬಹುದು ಅನ್ನೋದೇ ನಮ್ಮ ಹೆಮ್ಮೆಯಾಗಿತ್ತು.

ಆದರೆ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. "ನೂರು ಗ್ರಾಂ ಇಲ್ಲದ ಕಾಲರ್‌ಗೆ ಎರಡು ಕೆಜಿ ಕೊರಿಯರ್ ಚಾರ್ಜಾ? ಮಧ್ಯೆ ನೀವೇ ದುಡ್ಡು ಹೊಡೀತಿದ್ದೀರಾ?" ಫೋನಿನಲ್ಲೂ ಇದೇ, ಅಂಗಡಿಗೆ ಬಂದವರದ್ದೂ ಇದೇ. ಲೆಕ್ಕ ಹೇಳಿಬಿಡುತ್ತೇವೆ. ಕೊರಿಯರ್‌ನವರು ಬರೀ ತೂಕ ನೋಡುವುದಿಲ್ಲ. ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಆ ಲೆಕ್ಕ ನಿಜವಾದ ತೂಕಕ್ಕಿಂತ ಜಾಸ್ತಿ ಬಂದರೆ ಅದಕ್ಕೇ ಬಿಲ್. ನಮ್ಮ ಬಾಕ್ಸ್ 30 ಉದ್ದ, 30 ಅಗಲ, 10 ಎತ್ತರ. ಗುಣಿಸಿದರೆ 9000, ಭಾಗಿಸಿದರೆ 1.8 ಕೆಜಿ. ಅದನ್ನು ಎರಡು ಕೆಜಿ ಅಂತ ಹಿಡಿಯುತ್ತಾರೆ. ಅಂದರೆ ನೀವು ದುಡ್ಡು ಕೊಟ್ಟಿದ್ದು ಬಾಕ್ಸಿನೊಳಗಿನ ಗಾಳಿಗೆ. ನಮ್ಮ ಜೇಬಿಗೆ ಅದರಲ್ಲಿ ಒಂದು ರೂಪಾಯಿಯೂ ಬಂದಿಲ್ಲ. ಬಿಲ್‌ಗಳು ಗಲ್ಲಾಪೆಟ್ಟಿಗೆ ಪಕ್ಕದ ಫೈಲಿನಲ್ಲಿವೆ, ಯಾರು ಬೇಕಾದರೂ ಬಂದು ನೋಡಬಹುದು.

ಚಿಕ್ಕ ಬಾಕ್ಸ್ ಯಾಕೆ ಬಳಸಬಾರದು ಅಂತೀರಾ? ಬಳಸಿ ನೋಡಿದೆವು. ಗಂಜಿ ಹಾಕಿ ನಿಲ್ಲಿಸಿದ ನೆರಿಗೆ ಹಪ್ಪಳದ ಹಾಗೆ ಒತ್ತಿಹೋಗಿ ತಲುಪಿತು. ಅದಕ್ಕೂ ಬೈಸಿಕೊಂಡಿದ್ದು ನಾವೇ. ಈಗ ಕವರಿನಲ್ಲಿ ಹೋದರೆ ಅರ್ಧ ಕೆಜಿ ರೇಟು ಸಾಕು. 60 ರೂಪಾಯಿ ಏರಿಸಿದರೂ ದೂರದ ಊರಿನವರಿಗೆ ಒಟ್ಟು ಖರ್ಚು ಇಳಿಯುತ್ತದೆ. ಅಂಗಡಿಗೆ ಬಂದು ಕೊಳ್ಳುವವರಿಗೆ ಮಾತ್ರ ಏರಿಕೆ ಏರಿಕೆಯೇ. ಅದನ್ನು ಮುಚ್ಚಿಡುವುದಿಲ್ಲ.

ಆ 60 ರೂಪಾಯಿ ಹೋಗುವುದು ನಮ್ಮ ಲೇಸ್ ಹೆಣೆಯುವ ಆಂಧ್ರದ ನರಸಾಪುರಕ್ಕೆ. ಅಲ್ಲಿನ ಕ್ರೋಶಾ ಲೇಸ್‌ಗೆ, ಅಂದರೆ ಕೊಕ್ಕೆ ಕಡ್ಡಿಯಲ್ಲಿ ಕೈಯಿಂದ ಹೆಣೆದ ಲೇಸ್‌ಗೆ, 2024ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಇದು ಆ ಊರಿನದೇ ವಸ್ತು ಅನ್ನುವ ಸರ್ಕಾರಿ ಗುರುತು ಅದು. ಟ್ಯಾಗ್ ಸಿಕ್ಕಿತೆಂದು ಮನೆಯಲ್ಲಿ ಕೂತು ಹೆಣೆಯುವ ಹೆಂಗಸರ ಕೂಲಿ ತಾನಾಗಿ ಏರುವುದಿಲ್ಲ, ಕೊಳ್ಳುವವರು ಕೊಟ್ಟರೇ ಏರಬೇಕು. ಚಿಕ್ಕಪೇಟೆ ಲೇಸ್ ಯಾಕಾಗಬಾರದು ಅಂತೀರಾ? ಅಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವುದು ಮೆಷಿನ್ ಲೇಸ್, ಹೆಚ್ಚಾಗಿ ಪಾಲಿಯೆಸ್ಟರ್‌ನದು. ಅದನ್ನು ಕೆಟ್ಟದ್ದು ಅನ್ನುವುದಿಲ್ಲ, ಲಂಗದ ಅಂಚಿಗೆ ಚೆನ್ನಾಗಿರುತ್ತದೆ. ಆದರೆ ಪಾಲಿಯೆಸ್ಟರ್ ಹತ್ತಿಯ ಹಾಗೆ ಗಂಜಿ ಹಿಡಿಯುವುದಿಲ್ಲ, ಇಸ್ತ್ರಿ ಜಾಸ್ತಿ ಕಾದರೆ ಕರಗುತ್ತದೆ. ಇನ್ನು ಜಿಎಸ್‌ಟಿ ಇಳಿಯಿತಲ್ಲ ಅನ್ನುವವರಿಗೆ: 2025ರ ಸೆಪ್ಟೆಂಬರ್‌ನಲ್ಲಿ ಇಳಿದದ್ದು ಸಾವಿರಕ್ಕಿಂತ ಮೇಲೆ, 2500 ರೂಪಾಯಿವರೆಗಿನ ಉಡುಪಿಗೆ. ನಮ್ಮ ಕಾಲರ್ ಸಾವಿರದ ಒಳಗಿನದು. ಮೊದಲೂ 5 ಪರ್ಸೆಂಟ್, ಈಗಲೂ 5.

ಗಂಜಿ ಹಾಕುವುದು ಕಷ್ಟವಲ್ಲ. ಅನ್ನದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿ, ಲೇಸ್ ಅದ್ದಿ ಮೆಲ್ಲಗೆ ಹಿಂಡಿ. ಅರ್ಧ ಒಣಗಿದಾಗ ಲಾಡಿ ಎಳೆದು, ಪ್ರತಿ ನೆರಿಗೆಯೊಳಗೂ ಬೆರಳು ಹಾಕಿ ದುಂಡಗೆ ಮಾಡಿ. ನೆರಳಲ್ಲಿ ಒಣಗಲಿ. 1564ರಲ್ಲಿ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸಿನಿಂದ ಲಂಡನ್ನಿಗೆ ಬಂದ ಒಬ್ಬ ಹೆಂಗಸು ಅಲ್ಲಿನ ಶ್ರೀಮಂತರ ಮನೆಯವರಿಗೆ ಕಾಲರ್‌ಗೆ ಗಂಜಿ ಹಾಕುವುದನ್ನು ಕಲಿಸಲು ನಾಲ್ಕೈದು ಪೌಂಡ್ ಫೀಸು ತೆಗೆದುಕೊಳ್ಳುತ್ತಿದ್ದಳಂತೆ, ಆ ಕಾಲಕ್ಕೆ ಅದು ದೊಡ್ಡ ಮೊತ್ತ. ನಾವು ಪುಕ್ಕಟೆ ಕಲಿಸುತ್ತೇವೆ. ಶನಿವಾರ ಮಧ್ಯಾಹ್ನ ಬನ್ನಿ, ಕಾಫಿನೂ ಇದೆ.

ಈಗಾಗಲೇ ಆರ್ಡರ್ ಕೊಟ್ಟವರಿಗೆ ಹಳೇ ಬೆಲೆ, ಹಳೇ ಬಾಕ್ಸ್, ಗಂಜಿ ಹಾಕಿಯೇ ಕಳಿಸುತ್ತೇವೆ. ಹಳೇ ಕಾಲರ್‌ಗೆ ಲಾಡಿ ಬೇಕಾದವರು ತಂದುಕೊಡಿ, ದುಡ್ಡು ತೆಗೆದುಕೊಳ್ಳುವುದಿಲ್ಲ. ಒಗೆದು ತನ್ನಿ ಅಷ್ಟೇ.

ಇಂತಿ,
ನಿಮ್ಮ ಲೇಸ್ ಅಂಗಡಿಯವರು
ಮಲ್ಲೇಶ್ವರಂ