ಪರಾನುಭೂತಿಗೂ ತರಬೇತಿ ಬೇಕು

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶದ ಹೊತ್ತಿಗೆ ನಗರದ ಕಾಲೇಜುಗಳಿಗೆ ಆಪ್ತಸಮಾಲೋಚಕರ ನೆನಪಾಗುತ್ತದೆ. ‘ಮಕ್ಕಳೊಂದಿಗೆ ಪ್ರೀತಿಯಿಂದ ಮಾತನಾಡುತ್ತಾರೆ’ ಎಂಬ ಕಾರಣಕ್ಕೆ ಉಪನ್ಯಾಸಕರೊಬ್ಬರಿಗೆ ಆ ಹೊಣೆ ಹೊರಿಸಿ, ಒಂದು ಕಾರ್ಯಾಗಾರಕ್ಕೆ ಕಳುಹಿಸಿದರೆ ಸಾಕೆಂದು ತಿಳಿಯುವ ಆಡಳಿತ ಮಂಡಳಿಗಳಿವೆ. ಇದೇ ವೃತ್ತಿಯಲ್ಲಿರುವ ನನಗೆ ಇದು ಕಳವಳದ ಸಂಗತಿ. ಒಳ್ಳೆಯ ಮನಸ್ಸು ಬೇಕು, ನಿಜ; ಆದರೆ ಪರಾನುಭೂತಿ, ಅಂದರೆ ಇನ್ನೊಬ್ಬರ ಭಾವನೆಯನ್ನು ಅವರ ಸ್ಥಾನದಲ್ಲಿ ನಿಂತು ಅರಿಯುವುದು, ಅಭ್ಯಾಸದಿಂದ ಕೈಗೂಡುವ ಕೌಶಲ.

ಅನುತ್ತೀರ್ಣಳಾದ ಹುಡುಗಿಯೊಬ್ಬಳು ‘ಮನೆಗೆ ಹೋಗೋಕೇ ಭಯ ಆಗ್ತಿದೆ ಮೇಡಂ’ ಎನ್ನುತ್ತಾಳೆ ಎಂದಿಟ್ಟುಕೊಳ್ಳೋಣ. ‘ಅಳಬೇಡಮ್ಮ, ಪರೀಕ್ಷೆ-2 ಇದೆಯಲ್ಲ’ ಎಂಬ ಉತ್ತರದಲ್ಲಿ ಕರುಣೆಯಿದೆ, ಆದರೆ ಅವಳ ಮಾತು ಅಲ್ಲಿಗೇ ನಿಂತುಹೋಗುತ್ತದೆ. ‘ಫೇಲ್ ಆಗಿದ್ದಕ್ಕಿಂತ ಮನೆಯವರ ಮುಖ ನೋಡೋದೇ ಕಷ್ಟ ಅನ್ನಿಸ್ತಿದೆಯಾ?’ ಎಂದು ಕೇಳಿ, ಅವಳು ಬಾಯಿ ಬಿಡುವವರೆಗೆ ಸುಮ್ಮನೆ ಕಾಯುವುದು ಕಲಿತವರಿಗಷ್ಟೇ ಸಾಧ್ಯ. ಆ ಊಹೆ ತಪ್ಪಾಗಿದ್ದರೂ ಅವಳು ತಿದ್ದುತ್ತಾಳೆ, ಮಾತು ಮುಂದುವರಿಯುತ್ತದೆ.

ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರ ಪ್ರಬಂಧವೊಂದರಲ್ಲಿ, ಎದುರಿನವರ ಅಂತರಂಗವನ್ನು ತನ್ನದೇ ಎಂಬಂತೆ ಗ್ರಹಿಸುತ್ತಲೇ ಅದು ತನ್ನದಲ್ಲವೆಂಬ ಎಚ್ಚರವನ್ನೂ ಉಳಿಸಿಕೊಳ್ಳಬೇಕೆಂದು ವಿವರಿಸಿದ್ದಾರೆ. ಸಮಾಲೋಚಕರಿಗೆ ಅರ್ಥವಾದರೆ ಸಾಲದು, ಅರ್ಥವಾಗಿದೆಯೆಂಬುದು ಎದುರು ಕುಳಿತವರಿಗೆ ತುಸುವಾದರೂ ತಲುಪಿರಬೇಕೆಂಬುದೂ ಅಲ್ಲಿನ ಷರತ್ತು. ಎದುರಿನವರ ನೋವು ತನ್ನದಲ್ಲವೆಂಬ ಎಚ್ಚರ ತಪ್ಪಿದವರು ದಿನವಿಡೀ ಕೇಳಿದ ದುಃಖವನ್ನು ಮನೆಗೆ ಹೊತ್ತೊಯ್ದು ಬಳಲುತ್ತಾರೆ. ಕ್ರಮೇಣ ಕೇಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತಾರೆ. ನಮ್ಮ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುವ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ (14416) ಮಾನಸಿಕ ಆರೋಗ್ಯ ಸಹಾಯವಾಣಿಯಂಥ ಕಡೆ ಫೋನ್ ಕರೆಯಲ್ಲಿ ಮುಖವೂ ಕಾಣದು. ದನಿಯ ಏರಿಳಿತ ಮತ್ತು ಮೌನವನ್ನಷ್ಟೇ ನಂಬಿ ಕೆಲಸ ಮಾಡಬೇಕಾಗುತ್ತದೆ.

ರೋಜರ್ಸ್ 1940ರ ದಶಕದಲ್ಲೇ ಸಮಾಲೋಚನೆಗಳನ್ನು ಧ್ವನಿಮುದ್ರಿಸಿ ಅಧ್ಯಯನಕ್ಕೂ ತರಬೇತಿಗೂ ಬಳಸಿದ್ದರು. ನೆರವು ಕೇಳಿ ಬಂದವರ ಒಪ್ಪಿಗೆ ಪಡೆದು, ಗೋಪ್ಯತೆ ಕಾಪಾಡಿ, ಎಲ್ಲಿ ಅವಸರದಿಂದ ಬುದ್ಧಿ ಹೇಳಿದೆವು, ಎಲ್ಲಿ ಕೇಳಿಯೂ ಕೇಳದಂತಾದೆವು ಎಂಬುದನ್ನು ಹಿರಿಯ ವೃತ್ತಿಪರರೊಂದಿಗೆ ಕುಳಿತು ಪರಿಶೀಲಿಸುವುದಕ್ಕೆ ಬದಲಿಯಾದ ದಾರಿ ನನಗೆ ಕಂಡಿಲ್ಲ. ಅದಕ್ಕೆ ಸಮಯವೂ ಹಣವೂ ಬೇಕು. ಆದ್ದರಿಂದ ಕಾಲೇಜುಗಳು ಅರ್ಹ ಆಪ್ತಸಮಾಲೋಚಕರನ್ನೇ ನೇಮಿಸಿಕೊಳ್ಳಲಿ, ಈ ಮೇಲ್ವಿಚಾರಣೆಯ ಅವಧಿಯನ್ನೂ ಅವರ ವೇತನಸಹಿತ ಕೆಲಸದ ವೇಳೆಯಲ್ಲೇ ಸೇರಿಸಲಿ ಎಂದು ಕೋರುತ್ತೇನೆ.

– ಆಪ್ತಸಮಾಲೋಚಕಿ, ಜಯನಗರ, ಬೆಂಗಳೂರು