ಪುಕ್ಕಟೆ ಕೊಟ್ಟ ಗೇಮ್ ಓಡಲೂ ಬೇಕಲ್ಲ!

ಮಾನ್ಯರೇ,

ಹಳೆಯ ವಿಡಿಯೊ ಗೇಮ್‌ ಉಚಿತವಾಗಿ ಹಂಚಿ ಸರಣಿಯ ಹೊಸ ಭಾಗಕ್ಕೆ ಗಿರಾಕಿ ಹುಡುಕುವ ಉಪಾಯ ಹೊಸದಲ್ಲ. ‘ಕಮಾಂಡ್ ಅಂಡ್ ಕಾಂಕರ್’ ಎಂಬ ಯುದ್ಧತಂತ್ರದ ಆಟಗಳ ಸರಣಿಯ 1995ರ ಮೊದಲ ಆಟವನ್ನು ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 2007ರಲ್ಲಿ, ‘ರೆಡ್ ಅಲರ್ಟ್’ ಅನ್ನು 2008ರಲ್ಲಿ, ‘ಟೈಬೀರಿಯನ್ ಸನ್’ ಅನ್ನು 2010ರಲ್ಲಿ ಉಚಿತಗೊಳಿಸಿತು. ಅದೇ 2010ರಲ್ಲಿ ಬಂದ ನಾಲ್ಕನೇ ಭಾಗ, ನೆಲೆ ಕಟ್ಟಿ ಸಂಪನ್ಮೂಲ ಕೂಡಿಡುವ ಹಳೆಯ ವರಸೆಯನ್ನೇ ಕೈಬಿಟ್ಟು ಅಭಿಮಾನಿಗಳ ಸಿಟ್ಟಿಗೆ ಗುರಿಯಾಯಿತು. ಪುಕ್ಕಟೆ ಹಂಚಿಕೆ ಅದನ್ನು ಕಾಪಾಡಲಿಲ್ಲ.

ಇನ್ನು ಓಡಿಸುವ ಫಜೀತಿ. ಆಟವನ್ನು ಕಂಪ್ಯೂಟರ್‌ಗೆ ಅಳವಡಿಸುವ ಆ ಕಾಲದ ಎಷ್ಟೋ ಇನ್‌ಸ್ಟಾಲರ್‌ಗಳು 16 ಬಿಟ್‌ನವು. ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ತೆರೆಯುವುದೇ ಇಲ್ಲ. ಅಕ್ಕಪಕ್ಕದ ಕಂಪ್ಯೂಟರ್‌ಗಳನ್ನು ಜೋಡಿಸಿ ಆಡುವ ಲ್ಯಾನ್ ಆಟಕ್ಕೆ ಬೇಕಾದ ಐಪಿಎಕ್ಸ್ ಎಂಬ ಹಳೆಯ ಸಂಪರ್ಕ ವಿಧಾನವನ್ನು ವಿಂಡೋಸ್ ವಿಸ್ತಾದಿಂದಲೇ ತೆಗೆದುಹಾಕಲಾಗಿದೆ. ಬೆಥೆಸ್ಡಾ 2009ರಲ್ಲಿ ಉಚಿತಗೊಳಿಸಿದ ‘ಡ್ಯಾಗರ್‌ಫಾಲ್‌’ನಂಥ ಡಾಸ್ (ವಿಂಡೋಸ್‌ಗಿಂತ ಹಿಂದಿನ ಕಾರ್ಯಾಚರಣಾ ವ್ಯವಸ್ಥೆ) ಆಟಕ್ಕೆ, ಆ ಹಳೆಯ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್ ತಂತ್ರಾಂಶ ಬೇಕು. ಆಟದ ಫೋಲ್ಡರನ್ನು ಅದರಲ್ಲಿ ಮೌಂಟ್ ಆಜ್ಞೆಯಿಂದ ಸಿ ಡ್ರೈವ್ ಆಗಿ ಜೋಡಿಸಬೇಕು. ಆಟ ಕುಂಟಿದರೆ ಕಂಟ್ರೋಲ್ ಜೊತೆ ಎಫ್12 ಒತ್ತಿ ಸೈಕಲ್ಸ್, ಅಂದರೆ ಡಾಸ್‌ಬಾಕ್ಸ್‌ನ ವೇಗ, ಏರಿಸಿ. ಅತಿಯಾದರೆ ಧ್ವನಿ ತುಂಡುತುಂಡಾಗುತ್ತದೆ, ಆಗ ಕಂಟ್ರೋಲ್ ಜೊತೆ ಎಫ್11 ಒತ್ತಿ ಇಳಿಸಿ. ಇಷ್ಟೆಲ್ಲ ಹೊಸ ಆಟಗಾರ ಯಾಕೆ ಮಾಡಿಯಾನು?

ಹಳೆಯ ಆಟಗಳನ್ನು ಹೊಸ ರೂಪದಲ್ಲಿ ತಂದ 2020ರ ರಿಮಾಸ್ಟರ್ ವೇಳೆ ಎಲೆಕ್ಟ್ರಾನಿಕ್ ಆರ್ಟ್ಸ್ ಮಾಡಿದ್ದು ಜಾಣ ಕೆಲಸ: ಮೊದಲ ಆಟ ಮತ್ತು ‘ರೆಡ್ ಅಲರ್ಟ್’ನ ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಅನ್ನು, ಯಾರು ಬೇಕಾದರೂ ಬಳಸಿ ಬದಲಿಸಬಹುದಾದ ಜಿಪಿಎಲ್ ಪರವಾನಗಿಯಲ್ಲಿ ಬಿಟ್ಟಿತು. ಚಿತ್ರ, ಸಂಗೀತ ಅದರಲ್ಲಿಲ್ಲ, ನಿಜ. ಆದರೆ ದೋಷ ತಿದ್ದಲು, ಮಾಡ್ (ಆಟಗಾರರೇ ಮಾಡುವ ಮಾರ್ಪಾಡು) ಕಟ್ಟಲು ದಾರಿಯಾಯಿತು. ಉಚಿತ ಹಂಚುವ ಕಂಪನಿಗಳು ಕನಿಷ್ಠ 64 ಬಿಟ್ ಇನ್‌ಸ್ಟಾಲರನ್ನಾದರೂ ಜೊತೆಗಿಡಲಿ.

– ಇಬ್ಬರು ಓದುಗರು, ಮೈಸೂರು