ಡೆಕ್‌ನಡಿಯ ರಕೂನ್ ತೆರವು: ಕಳಪೆ ಕೆಲಸ ಹಾಗೂ ಖಾತರಿ ನಿರಾಕರಣೆಯ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ, ಟೊರಾಂಟೊ

ಮಾನ್ಯರೇ,

ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯ ಹಿಂಬದಿ ರಕ್ಷಾಪುಟದಲ್ಲಿ ತಾವು ಕೊಟ್ಟಿದ್ದ “ನಮ್ಮವರಿಗೆ ನಮ್ಮ ಭಾಷೆಯಲ್ಲೇ ಸೇವೆ” ಎಂಬ ಜಾಹೀರಾತನ್ನು ನಂಬಿ ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಕಳುಹಿಸಿದ ಮೂರು ಇಮೇಲ್‌ಗಳಿಗೆ ಉತ್ತರ ಬರಲಿಲ್ಲವಾದ್ದರಿಂದ ತೊಡಕು ಭಾಷೆಯದೇ ಇರಬಹುದೆಂದು ಭಾವಿಸಿದ್ದೇನೆ.

ಮೇ 6ರಂದು ತಮ್ಮ ತಂತ್ರಜ್ಞರು ಸ್ಕಾರ್‌ಬರೋದ ನಮ್ಮ ಮನೆಯ ಹಿತ್ತಲಿಗೆ ಬಂದು, ಮರದ ಹಲಗೆಯ ಜಗಲಿಯಂಥ ಡೆಕ್‌ನಡಿ ಬಿಡಾರ ಹೂಡಿದ್ದ ರಕೂನನ್ನು ಹೊರಗೆ ಹಾಕಲು ಒಮ್ಮುಖ ಬಾಗಿಲೊಂದನ್ನು ಕೂರಿಸಿ, ಸುತ್ತ ಜಾಲರಿ ಹೊಡೆದು, ತೆರಿಗೆ ಸೇರಿ 780 ಡಾಲರ್ ಪಡೆದು ಹೋದರು. ವಸಂತದಲ್ಲಿ ಹೆಣ್ಣು ರಕೂನ್ ಮರಿ ಹಾಕುತ್ತದೆಂಬುದೂ, ನಡೆಯಲಾರದ ಮರಿಗಳು ಒಳಗೇ ಉಳಿದಾಗ ತಾಯಿಯನ್ನು ಮಾತ್ರ ಹೊರಗೆ ಹಾಕಿದರೆ ಅದು ಹಲಗೆಯನ್ನು ಕಿತ್ತಾದರೂ ಒಳನುಗ್ಗುತ್ತದೆಂಬುದೂ ತಮಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ. ತಮ್ಮದೇ ಕರಪತ್ರದ ಎರಡನೆಯ ಪುಟದಲ್ಲಿದೆ. ಮರಿಗಳಿವೆಯೇ ಎಂದು ಬಗ್ಗಿ ನೋಡಿ ಎಂದು ನಾನೇ ಕೇಳಿಕೊಂಡೆ. ಮೊಣಕಾಲು ನೋವೆಂದರು. ಅಡಿ ಆಳ ತೋಡಿ, ಹೊರಮುಖವಾಗಿ ಬಗ್ಗಿಸಿ ಹೂಳಬೇಕಾದ ಜಾಲರಿಯನ್ನು ನೆಲಮಟ್ಟಕ್ಕೇ ನಿಲ್ಲಿಸಿ ಹಲಗೆಗೆ ಪಿನ್ನು ಹೊಡೆದರು. ಆ ರಾತ್ರಿಯೇ ಎರಡು ಹಲಗೆಗಳು ಕಿತ್ತುಹೋದವು, ಜಾಲರಿಯ ಕೆಳಗೆ ಬಿಲವಾಯಿತು. ತಾಯಿ ಒಳಗೆ ಸೇರಿತು. ತಮ್ಮ ಬಾಗಿಲು ಮಾತ್ರ ಇಂದಿಗೂ ಹೊಸದಾಗಿಯೇ ಇದೆ.

ಇದಾದ ಮೇಲೆ ಐದು ಸಲ ಸಮಾಧಾನದಿಂದಲೇ ಕರೆ ಮಾಡಿದ್ದೇನೆ. ಜೂನ್ 9ರ ಕರೆಯನ್ನು ಮಾತ್ರ ವಿವರವಾಗಿ ಬರೆಯದೆ ಇರಲಾರೆ. ಅಂದು ದಾವಣಗೆರೆಯಿಂದ ಬಂದಿದ್ದ ನಮ್ಮ ಬೀಗರು ಎದುರಿಗೇ ಕಾಫಿ ಕುಡಿಯುತ್ತಿದ್ದರು. 23 ನಿಮಿಷ ಸಂಗೀತ ಕೇಳಿಸಿದ್ದರಿಂದ ಫೋನನ್ನು ಸ್ಪೀಕರಿನಲ್ಲಿಟ್ಟಿದ್ದೆ. ಕೊನೆಗೂ ಮಾತಿಗೆ ಸಿಕ್ಕ ತಮ್ಮ ಸಿಬ್ಬಂದಿ, “ಸಾರ್, ಖಾತರಿ ಇರುವುದು ನಾವು ಹೊರಗೆ ಹಾಕಿದ ರಕೂನಿಗೆ. ಈಗ ಬಂದಿರುವುದು ಅದೇ ಎನ್ನುವುದಕ್ಕೆ ಏನು ಆಧಾರ?” ಎಂದರು. ಅದೇ ಎಂದೆ. “ಗುರುತು ಹೇಳಿ” ಎಂದರು. ಬೇರೇನೂ ತೋಚದೆ, ಕಣ್ಣಿನ ಸುತ್ತ ಕಪ್ಪು ಪಟ್ಟಿ, ಬಾಲದಲ್ಲಿ ಉಂಗುರಗಳು ಎಂದೆ. “ಅದು ಎಲ್ಲಕ್ಕೂ ಇರುತ್ತದಲ್ಲ ಸಾರ್” ಎಂದು ನಕ್ಕರು; ಅವರ ಹಿಂದೆ ಇನ್ನೊಬ್ಬರು ನಕ್ಕಿದ್ದೂ ಕೇಳಿಸಿತು. ಎದುರಿನಿಂದೊಂದು, ಪಕ್ಕದಿಂದೊಂದು ಫೋಟೊ ಕಳುಹಿಸಲು ಹೇಳಿದರು. ನಾನು ಪಾಸ್‌ಪೋರ್ಟ್ ಮಾಡಿಸಿದಾಗಲೂ ಪಕ್ಕದ ಫೋಟೊ ಕೇಳಿರಲಿಲ್ಲ. ಅಷ್ಟಕ್ಕೇ ಬಿಡದೆ, “ನೀವೇ ಅನ್ನ ಹಾಕಿ ರೂಢಿ ಮಾಡಿಸಿರಬೇಕು; ನಮ್ಮ ಜನ ಏನು ಕಂಡರೂ ಎಡೆ ಇಡುತ್ತಾರೆ” ಎಂದರು. ಬೀಗರು ಲೋಟವನ್ನು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದರು. ನಗರಾಡಳಿತವು 2016ರಲ್ಲಿ ರಕೂನ್‌ಗಳಿಗೆ ಹೆದರಿಯೇ ಹಂಚತೊಡಗಿದ ಅಡುಗೆಮನೆ ಕಸದ ತಿರುಗುಬೀಗದ ಹಸಿರು ಡಬ್ಬಿಯನ್ನು ಒಂದು ರಾತ್ರಿಯೂ ತೆರೆದಿಡದ ಮನೆ ನಮ್ಮದು.

ಆದರೂ ಎರಡು ರಾತ್ರಿ ಪಂಚೆಯ ಮೇಲೆ ಕಂಬಳಿ ಹೊದ್ದು, ಅಡುಗೆಮನೆಯ ಮೆಟ್ಟಿಲ ಮೇಲೆ ಟಾರ್ಚ್ ಹಿಡಿದು ಕುಳಿತು, ನಾಲ್ಕು ಫೋಟೊ ತೆಗೆದು ಕಳುಹಿಸಿದೆ. ಹೋಲಿಸಿ ನೋಡಲು ಮೊದಲಿನ ರಕೂನಿನ ಫೋಟೊ ತಮ್ಮ ಕಡತದಲ್ಲಿಲ್ಲವೆಂಬ ಉತ್ತರ ಬಂತು.

ಡೆಕ್‌ನ ಮೂಲೆಯನ್ನು ಅದು ಕಕ್ಕಸು ಮಾಡಿಕೊಂಡಿರುವುದನ್ನು ತಿಳಿಸಿದಾಗ, ಒಣಗಿದ ಮೇಲೆ ಗುಡಿಸಿಬಿಡಿ ಎಂಬ ಸಲಹೆ ಸಿಕ್ಕಿತು. ರಕೂನಿನ ಮಲದಲ್ಲಿರಬಹುದಾದ ದುಂಡುಹುಳುವಿನ ಮೊಟ್ಟೆಗಳು ಎರಡರಿಂದ ನಾಲ್ಕು ವಾರಗಳಲ್ಲಿ ಸೋಂಕು ತರುವಷ್ಟು ಬಲಿಯುತ್ತವೆ. ಒಣಗುವವರೆಗೆ ಕಾಯುವುದೆಂದರೆ ಅದಕ್ಕೇ ಕಾಯುವುದು. ಮೂರು ವರ್ಷದ ಮೊಮ್ಮಗ ಆಡುವ ಜಾಗವದು. ನಾನೇ ಮುಖಗವಸು ಹಾಕಿಕೊಂಡು, ಹಸಿಯಿದ್ದಾಗಲೇ ಬಾಚಿ ತೆಗೆದು, ಹಂಡೆಗಟ್ಟಲೆ ಕುದಿಯುವ ನೀರು ಸುರಿಯುತ್ತಿದ್ದೇನೆ.

ಕೊನೆಯ ಕರೆಯಲ್ಲಿ ತಮ್ಮವರು, ರಸೀದಿಯಿಲ್ಲದೆ 300 ಡಾಲರ್ ಕೊಟ್ಟರೆ ಬೋನಿಟ್ಟು ಹಿಡಿದು ಪಕ್ಕದ ಊರಾದ ಪಿಕರಿಂಗ್‌ನ ಆಚೆಗೆ ಬಿಟ್ಟು ಬರುವುದಾಗಿ ಹೇಳಿದರು. ಹಿಡಿದ ಪ್ರಾಣಿಯನ್ನು 24 ಗಂಟೆಯೊಳಗೆ, ಹಿಡಿದ ಸ್ಥಳದಿಂದ 1 ಕಿಲೋಮೀಟರ್ ಒಳಗೇ ಬಿಡಬೇಕೆಂಬುದು ಒಂಟಾರಿಯೊದ ನಿಯಮ. ಅದನ್ನು ನೆನಪಿಸಿದಾಗ, “ಯಾರು ಅಳೆಯುತ್ತಾರೆ ಸಾರ್?” ಎಂದರು. ಪರವಾನಗಿ ಪಡೆದ ವೃತ್ತಿಪರರೆಂಬ ಜಾಹೀರಾತಿನ ಮಾತಿಗೆ ಅರ್ಥ ಆಗ ಹೊಳೆಯಿತು.

ಮರಿಗಳು ತಾಯಿಯ ಹಿಂದೆ ಹೊರಟ ಮೇಲೆ ಜಾಲರಿಯನ್ನು ಕ್ರಮವಾಗಿ ಹೂಳಿಸಿ, ಕಿತ್ತುಹೋದ ಹಲಗೆಗಳನ್ನು ತಮ್ಮ ಖರ್ಚಿನಲ್ಲೇ ಸರಿಪಡಿಸಿಕೊಡಬೇಕು, ಇಲ್ಲವೇ 780 ಡಾಲರನ್ನು ಹಿಂತಿರುಗಿಸಬೇಕು. ನಿಜ ಹೇಳುವುದಾದರೆ ಎರಡರಲ್ಲಿ ಒಂದೂ ಆದೀತೆಂಬ ನಂಬಿಕೆ ನನಗಿಲ್ಲ. ಆದ್ದರಿಂದ ಹತ್ತು ದಿನ ಕಳೆದೊಡನೆ ಸಣ್ಣ ಮೊತ್ತದ ದಾವೆಗಳನ್ನು ಕೇಳುವ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಅರ್ಜಿ ಹೋಗುತ್ತದೆ. ಪಿಕರಿಂಗ್ ಪ್ರಸ್ತಾಪದ ದಿನ, ವೇಳೆ, ಮಾತುಗಳನ್ನೆಲ್ಲ ಅಂದೇ ಬರೆದಿಟ್ಟಿದ್ದೇನೆ. ಅದು ಪ್ರಾಂತ್ಯದ ವನ್ಯಜೀವಿ ಅಧಿಕಾರಿಗಳಿಗೆ ಪ್ರತ್ಯೇಕವಾಗಿ ಹೋಗುತ್ತದೆ. ಇದಲ್ಲದೆ, ಈ ನವೆಂಬರಿನ ರಾಜ್ಯೋತ್ಸವ ಸಂಚಿಕೆಗೆ ಜಾಹೀರಾತು ಆರಿಸುವ ಸಮಿತಿಯಲ್ಲಿ ನಾನಿದ್ದೇನೆ. ಹಿಂಬದಿ ರಕ್ಷಾಪುಟಕ್ಕೆ ತಮ್ಮ ಜಾಹೀರಾತು ಬಂದರೆ, ಅದು ಹೋದ ವರ್ಷದ ಸಂಸ್ಥೆಯದೇ ಎನ್ನುವುದಕ್ಕೆ ಎದುರಿನಿಂದೊಂದು, ಪಕ್ಕದಿಂದೊಂದು ಫೋಟೊ ಲಗತ್ತಿಸತಕ್ಕದ್ದು.

ಇತಿ,
ಸ್ಕಾರ್‌ಬರೋದ ತಮ್ಮ ಗ್ರಾಹಕ

ಲಗತ್ತು: ರಸೀದಿಯ ಪ್ರತಿ, ಕಿತ್ತ ಹಲಗೆಗಳ ಚಿತ್ರ, ರಕೂನಿನ ನಾಲ್ಕು ಫೋಟೊ